ಹೊಟ್ಟೆಯೊಳಗಿನ ಊರು, ಊರ ಹೊರಗಿನ ಕೇರಿ

ಮೈಲಿಗೆ ಅನ್ನೋದು ಎಲ್ಲಿರ್ತೈತಿ? ಮುಟ್ಟುವವನ ಕೈಯಾಗೋ, ಮುಟ್ಟಿಸಿಕೊಳ್ಳುವವನ ಮೈಯಾಗೋ, ಇಲ್ಲಾ ಇಬ್ಬರನ್ನೂ ದೂರ ನಿಂತು ನೋಡುವವನ ತಲೆಯಾಗೋ? ಈ ಪ್ರಶ್ನೆ ಹಳೆಯದು. ಶರಣರು ಕೇಳಿದ್ದಾರೆ, ಜೋತಿಬಾ ಫುಲೆ ಕೇಳಿದ್ದಾರೆ, ಬಾಬಾಸಾಹೇಬರು ಕೇಳಿದ್ದಾರೆ. ನಾವು ಮತ್ತೆ ಕೇಳಬೇಕಾಗಿ ಬಂದದ್ದು ಯಾಕೆಂದರೆ, ಸತ್ತಿತು ಅಂದುಕೊಂಡ ಹಳೆಯ ಉತ್ತರವೊಂದು ಹೊಸ ಅಂಗಿ ತೊಟ್ಟು ಎದ್ದು ಬಂದಿದೆ. ಆ ಹೊಸ ಅಂಗಿಯ ಹೆಸರು ವಿಜ್ಞಾನ.

2020ರಲ್ಲಿ ಕೊರೋನಾ ಬಂದಾಗ ಈ ಮಾತು ಊರೂರಲ್ಲಿ ಓಡಾಡಿತು. "ನೋಡ್ರಿ, ನಮ್ಮ ಹಿರ್ಯಾರು ಸುಮ್ನ ಮಾಡಿರಲಿಲ್ಲ. ಮುಟ್ಟಬ್ಯಾಡ, ದೂರ ನಿಂದರು, ಕೈಕಾಲ ತೊಳಕೊಂಡು ಒಳಗ ಬಾ ಅಂದಿದ್ದರಲ್ಲ, ಅದರಾಗ ವಿಜ್ಞಾನ ಇತ್ತು. ಕಣ್ಣಿಗೆ ಕಾಣದ ಹುಳ ಇರ್ತಾವ ಅಂತ ಅವರಿಗೆ ಆವಾಗ ಗೊತ್ತಿತ್ತು." ಗೋಕಾಕದ ಚಹಾದಂಗಡಿಯಲ್ಲಾಗಲಿ, ಹುಕ್ಕೇರಿಯ ಸಂತೆಯಲ್ಲಾಗಲಿ, ಮೂಡಲಗಿಯ ಕಡೆಯ ಶಾಲೆಯ ಮಾಸ್ತರರ ಕೋಣೆಯಲ್ಲಾಗಲಿ ಈ ಮಾತು ಹೊಸದಲ್ಲ. ಹೇಳುವವರೆಲ್ಲ ಕೆಟ್ಟವರೂ ಅಲ್ಲ. ಆದರೆ ಈ ಮಾತನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಕೇರಿಯನ್ನು ಊರ ಹೊರಗಿಟ್ಟದ್ದು ಅನ್ಯಾಯವಲ್ಲ, ಆರೋಗ್ಯ ಇಲಾಖೆಯ ಕೆಲಸ ಅಂದಂತಾಗುತ್ತದೆ. ಅದಕ್ಕಾಗಿ ಈ ಹುಳಗಳ ಲೆಕ್ಕವನ್ನು ನಾವೇ ಒಮ್ಮೆ ನೋಡೋಣ. ಅವು ಯಾರ ಮೈಯಲ್ಲಿವೆ, ಏನು ಮಾಡುತ್ತವೆ, ಯಾರ ಪರ ಸಾಕ್ಷಿ ಹೇಳುತ್ತವೆ?

ಮೊದಲು ಮೈಯ ಲೆಕ್ಕ. 2016ರಲ್ಲಿ ವಿಜ್ಞಾನಿಗಳು ಕೂಡಿಸಿದ ಲೆಕ್ಕದ ಪ್ರಕಾರ ಸಾಧಾರಣ ಗಾತ್ರದ ಮನುಷ್ಯನ ಮೈಯಲ್ಲಿ ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅದೇ ಮೈಯಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಅಂದರೆ ಎಣಿಕೆಗೆ ನಿಂತರೆ 'ನಾನು' ಅನ್ನುವವನು ತನ್ನ ಮೈಯಲ್ಲೇ ಅರ್ಧದಷ್ಟೂ ಇಲ್ಲ. ತೂಕಕ್ಕೆ ಇಟ್ಟರೆ ಈ ಜೀವಿಗಳೆಲ್ಲ ಸೇರಿ 200 ಗ್ರಾಮಿನ ಆಸುಪಾಸು. ಬಹುಪಾಲು ದೊಡ್ಡಕರುಳಿನಲ್ಲಿವೆ. ಉಳಿದವು ಬಾಯಲ್ಲಿ, ಚರ್ಮದ ಮೇಲೆ, ಮೂಗಿನಲ್ಲಿ. ಇವನ್ನು ಮೊದಲು ಕಂಡವನು ಪಂಡಿತನೂ ಅಲ್ಲ, ವೈದ್ಯನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ಎಂಬ ಅರಿವೆ ವ್ಯಾಪಾರಿ. ಬಟ್ಟೆಯ ನೂಲು ನೋಡಲು ಮಸೂರ ಹಿಡಿಯುತ್ತಿದ್ದ ಕಸಬಿನವನು. 1683ರಲ್ಲಿ ತನ್ನ ಹಲ್ಲಿನ ಕೊಳೆಯನ್ನೇ ಕೆರೆದು ತಾನೇ ಮಾಡಿಕೊಂಡ ಮಸೂರದ ಕೆಳಗಿಟ್ಟು ನೋಡಿದ. ದಿನಾ ಉಪ್ಪು ಹಚ್ಚಿ ಹಲ್ಲು ತಿಕ್ಕುವ ಮನುಷ್ಯ ಅವನು. ಆದರೂ ಅದರಲ್ಲಿ ಜೀವಗಳು ಓಡಾಡುತ್ತಿದ್ದವು.

ಇವು ಅಲ್ಲಿ ಸುಮ್ಮನೆ ಕೂತಿಲ್ಲ. ನಾವು ತಿನ್ನುವ ಜೋಳದ ರೊಟ್ಟಿ, ಕಾಳುಪಲ್ಯ, ತೊಪ್ಪಲಪಲ್ಯದಲ್ಲಿರುವ ನಾರನ್ನು ಕರಗಿಸುವ ಶಕ್ತಿ ನಮ್ಮ ಹೊಟ್ಟೆಗಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಗೊಳಿಸಿ ಸಣ್ಣ ಆಮ್ಲಗಳನ್ನು ಮಾಡುತ್ತವೆ. ದೊಡ್ಡಕರುಳಿನ ಗೋಡೆಗೆ ಅದೇ ಉಣಿಸು. ಕೆಲವು ಜೀವಿಗಳು ಕೆ ಜೀವಸತ್ವ ಮಾಡಿ ಕೊಡುತ್ತವೆ. ರೋಗ ತರುವ ಹೊರಗಿನ ಜೀವಿ ಬಂದರೆ ಅದಕ್ಕೆ ಜಾಗ ಸಿಗದಂತೆ ತುಂಬಿಕೊಂಡಿರುತ್ತವೆ. ಎಳೆಯ ಮಗುವಿನ ಮೈಗೆ ಯಾವುದು ತನ್ನದು, ಯಾವುದು ವೈರಿ ಎಂದು ಕಲಿಸುವುದರಲ್ಲೂ ಇವುಗಳ ಪಾಲಿದೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದನ್ನು ಯಾವ ಅವ್ವನಿಗೂ ಹೇಳಿಕೊಡಬೇಕಿಲ್ಲ. ಅದೇ ಜಾತಿಯ ಕೆಲಸ ಹೊಟ್ಟೆಯೊಳಗೆ ಹಗಲುರಾತ್ರಿ ನಡೆದಿದೆ.

ಈ ಜೀವಿಗಳು ನಮಗೆ ಬಂದದ್ದು ಎಲ್ಲಿಂದ? ಇಲ್ಲಿ ಮಡಿವಂತಿಕೆಯ ಬುಡಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಮೈಯಿಂದ, ಅವಳ ಕರುಳಿನಿಂದ ಮಗುವಿಗೆ ಮೊದಲ ಜೀವಿಗಳು ಸಿಗುತ್ತವೆ. ಆಮೇಲೆ ಮೊಲೆಹಾಲು. ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆಗಳಿವೆ. ಕೂಸಿಗೆ ಅವನ್ನು ಅರಗಿಸಿಕೊಳ್ಳಲು ಬರುವುದಿಲ್ಲ. ಆದರೂ ತಾಯಿಯ ಮೈ ಅವನ್ನು ಮಾಡುತ್ತದೆ. ಯಾಕೆ? ಕೂಸಿನ ಕರುಳಿನಲ್ಲಿರುವ ಬಿಫಿಡೋಬ್ಯಾಕ್ಟೀರಿಯಾಗಳು ಅವನ್ನು ತಿನ್ನುತ್ತವೆ. ತಾಯಿ ಕೂಸಿಗೂ ಉಣ್ಣಿಸುತ್ತಾಳೆ, ಕೂಸಿನೊಳಗಿನ ಕಾಣದ ಕೂಸುಗಳಿಗೂ ಉಣ್ಣಿಸುತ್ತಾಳೆ. ಇದೇ ಹೊತ್ತನ್ನು ನಮ್ಮ ಧರ್ಮಶಾಸ್ತ್ರ ಏನೆಂದು ಕರೆಯಿತು? ಪುರುಡು, ಸೂತಕ, ಮೈಲಿಗೆ. ಹೆತ್ತವಳನ್ನು ಮೂಲೆಗೆ ಹಾಕಿತು. ಕೂಸನ್ನು ಮೊದಲು ಕೈಯಲ್ಲಿ ಹಿಡಿದ ಸೂಲಗಿತ್ತಿ ಎಷ್ಟೋ ಊರಲ್ಲಿ ಕೇರಿಯ ಹೆಣ್ಣುಮಗಳು. ಹೆರಿಗೆ ಮುಗಿದ ಮೇಲೆ ಅವಳು ಮತ್ತೆ ಹಿತ್ತಲ ಬಾಗಿಲ ಹೊರಗೆ. ಮನುಷ್ಯನ ಮೈಗೆ ಸಿಗುವ ಮೊದಲ ಕಾವಲಿನ ಗಳಿಗೆಯೇ ಶಾಸ್ತ್ರದ ಕಣ್ಣಿಗೆ ಹೊಲಸು.

ಇನ್ನು ಒಬ್ಬರ ಜೀವಿಗಳು ಇನ್ನೊಬ್ಬರಿಗೆ ದಾಟುವುದರ ಮಾತು. 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಧ್ಯ ಅಮೆರಿಕದ ಹೊಂಡುರಾಸ್ ದೇಶದ 18 ಒಳನಾಡು ಹಳ್ಳಿಗಳ 1,787 ಮಂದಿಯ ಕರುಳಿನ ಜೀವಿಗಳನ್ನು ಅದರಲ್ಲಿ ಹೋಲಿಸಿ ನೋಡಿದ್ದರು. ಒಂದೇ ಮನೆಯವರಲ್ಲಿ ಒಂದೇ ತಳಿಯ ಜೀವಿಗಳು ಹೆಚ್ಚು, ಅದೇನೂ ಆಶ್ಚರ್ಯವಲ್ಲ. ಆದರೆ ಬೇರೆ ಬೇರೆ ಮನೆಯ ಗೆಳೆಯರಲ್ಲೂ, ಕೂಡಿ ಕೂತು ಉಣ್ಣುವವರಲ್ಲೂ ಹಂಚಿಕೆ ಕಂಡಿತು. ಅಂದರೆ ಸಂಗ ಅನ್ನೋದು ಬರೀ ಮನಸ್ಸಿನ ಮಾತಲ್ಲ, ಹೊಟ್ಟೆಯ ಮಾತೂ ಹೌದು. ಗೆಳೆತನ ಇದ್ದಲ್ಲಿ ಮೈಗಳೂ ಒಂದನ್ನೊಂದು ಸ್ವಲ್ಪ ಸ್ವಲ್ಪ ಹಂಚಿಕೊಳ್ಳುತ್ತವೆ.

"ಅದಕ್ಕ ರೀ, ಹಿರ್ಯಾರು ಕೂಡಿ ಉಣ್ಣಬ್ಯಾಡ್ರಿ ಅಂದದ್ದು!" ಅಂತ ಯಾರಾದರೂ ಇಲ್ಲಿ ಎದ್ದು ನಿಲ್ಲಬಹುದು. ನಿಲ್ಲಲಿ. ಅವರ ಮಾತನ್ನೇ ಪರೀಕ್ಷೆಗೆ ಹಚ್ಚೋಣ. ಮಡಿ-ಮೈಲಿಗೆ ರೋಗದ ಹುಳಗಳ ಶಾಸ್ತ್ರವಾಗಿದ್ದರೆ ಅದು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಒಂದು: ಹುಳ ತೊಳೆದರೆ ಹೋಗುತ್ತದೆ. ಸೋಪು ಹಚ್ಚಿ ಸ್ನಾನ ಮಾಡಿ, ಒಗೆದ ಅರಿವೆ ಉಟ್ಟು ಬಂದ ದಲಿತ ಹುಡುಗನ ಮೈಲಿಗೆ ಯಾಕೆ ಹೋಗಲಿಲ್ಲ? ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಈ ಭೇದವನ್ನು ಬಿಡಿಸಿ ತೋರಿಸಿದ್ದಾರೆ. ಹುಟ್ಟು ಸಾವಿನ ಸೂತಕ ಕೆಲವು ದಿನದ್ದು, ಶಾಸ್ತ್ರ ಮಾಡಿದರೆ ಕಳೆಯುತ್ತದೆ. ಅಸ್ಪೃಶ್ಯತೆ ಹುಟ್ಟಿನಿಂದ ಸಾಯುವತನಕ, ಅಪ್ಪನಿಂದ ಮಗನಿಗೆ. ಸ್ನಾನದಿಂದ ಕಳೆಯದ ಕೊಳೆ ಕೊಳೆಯೇ ಅಲ್ಲ. ಅದು ಕಾನೂನು.

ಎರಡು: ಹುಳ ಎರಡೂ ದಿಕ್ಕಿಗೆ ದಾಟುತ್ತದೆ. ಮೇಲ್ಜಾತಿಯವನಿಂದ ದಲಿತನಿಗೂ ರೋಗ ಬರಬಹುದು. ಹಾಗಿದ್ದರೆ ಮುಟ್ಟಿದ ಮೇಲೆ ಇಬ್ಬರೂ ಸ್ನಾನ ಮಾಡಬೇಕಿತ್ತು. ಒಬ್ಬನೇ ಯಾಕೆ ಮಾಡಿದ? ಒಂದೇ ದಿಕ್ಕಿಗೆ ಹರಿಯುವ ಹುಳ ಇಲ್ಲೀತನಕ ಯಾವ ಮಸೂರಕ್ಕೂ ಸಿಕ್ಕಿಲ್ಲ.

ಮೂರು: ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನಡೆದದ್ದನ್ನು ನೋಡಿ. ನೇಯುವ ಖಾತೆಯಲ್ಲಿ ಲಾಳಿಯ ತೂತಿನಿಂದ ದಾರದ ತುದಿಯನ್ನು ಬಾಯಿಂದ ಚೀಪಿ ಹೊರಗೆಳೆಯಬೇಕಿತ್ತು. ದಲಿತರ ಎಂಜಲು ತಾಗುತ್ತದೆ ಅಂತ ಹೆಚ್ಚಿನ ಸಂಬಳದ ಆ ಖಾತೆಗೆ ಅವರನ್ನು ಸೇರಿಸುತ್ತಿರಲಿಲ್ಲ. 1928ರ ಗಿರಣಿ ಮುಷ್ಕರದ ಕಾಲಕ್ಕೆ ಬಾಬಾಸಾಹೇಬರು ಈ ಅನ್ಯಾಯವನ್ನು ಎತ್ತಿ ಹಿಡಿದರು. ಒಂದೇ ಲಾಳಿಯನ್ನು ಹತ್ತು ಬಾಯಿ ಚೀಪುವುದು ಅಪಾಯವೇ. ಎಂಜಲಿನಿಂದ ಹರಡುವ ರೋಗ ದಾಟಲು ಅದಕ್ಕಿಂತ ಸುಲಭದ ದಾರಿ ಬೇಕಿಲ್ಲ. ಆದರೆ ಅಲ್ಲಿ ಯಾರೂ 'ಚೀಪುವುದು ಬ್ಯಾಡ, ಬೇರೆ ಲಾಳಿ ತರ್ರಿ' ಅಂತ ಮೈಲಿಗೆಯ ಹೆಸರಲ್ಲಿ ಹಟ ಹಿಡಿಯಲಿಲ್ಲ. ಸವರ್ಣರು ಒಬ್ಬರ ಎಂಜಲನ್ನು ಒಬ್ಬರು ಚೀಪುತ್ತಲೇ ಇದ್ದರು. ಹುಳ ಒಳಗೇ ಉಳಿಯಿತು, ಮನುಷ್ಯ ಹೊರಗೆ ಉಳಿದ.

ನಾಲ್ಕು: ಮಹಾಡದ ಕೆರೆ. ಆಗ ನಮ್ಮ ಗೋಕಾಕ, ಹುಕ್ಕೇರಿ ಸೀಮೆಯೂ ಮುಂಬಯಿ ಇಲಾಖೆಗೆ ಸೇರಿತ್ತು. ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ಶಾಸನಸಭೆ ಮಾಡಿದ ಬೋಲೆ ಠರಾವು ನಮ್ಮ ಬಾವಿಗಳಿಗೂ ಅನ್ವಯಿಸುತ್ತಿತ್ತು. ಬಾಬಾಸಾಹೇಬರು 1925ರಲ್ಲಿ ಇಲ್ಲೇ ನಿಪ್ಪಾಣಿಗೆ ಬಂದು ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಎರಡು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಯಲ್ಲಿ ಬೊಗಸೆ ನೀರು ಕುಡಿದರು. ಆಮೇಲೆ ಆ ಊರಿನ ಮಡಿವಂತರು ಕೆರೆಯನ್ನು ಶುದ್ಧ ಮಾಡಿದರು. ಹೇಗೆ? 108 ಕೊಡ ನೀರಿಗೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಮಂತ್ರ ಹೇಳಿ ಕೆರೆಗೆ ಸುರಿದರು. ಕುಡಿಯುವ ನೀರಿಗೆ ಸಗಣಿ ಹಾಕಿದರೆ ಅದರಲ್ಲಿ ಎಂಥ ಜೀವಿಗಳು ಸೇರುತ್ತವೆ ಎಂಬುದನ್ನು ಹೈಸ್ಕೂಲಿನ ಹುಡುಗ ಹೇಳುತ್ತಾನೆ. ಮನುಷ್ಯನ ಬೊಗಸೆಯಿಂದ ಕೆಟ್ಟ ನೀರು ದನದ ಸಗಣಿಯಿಂದ ಶುದ್ಧವಾಯಿತು! ಇದು ಹುಳದ ಶಾಸ್ತ್ರವೇ? ಆ ಕೆರೆಯ ನೀರಿನ ಹಕ್ಕನ್ನು ಹೈಕೋರ್ಟು ಎತ್ತಿ ಹಿಡಿಯಲು 1937ರತನಕ ಕಾಯಬೇಕಾಯಿತು.

ಇಷ್ಟು ಸಾಕು. ಹಾಗಂತ ಹುಳಗಳೆಲ್ಲ ಗೆಳೆಯರೇ ಎಂದು ನಾವು ಹೇಳುವುದಿಲ್ಲ. ಪ್ಲೇಗು ಈ ಸೀಮೆಯನ್ನು ಹಿಂಡಿದ ಕತೆಯನ್ನು ಹಿರಿಯರು ಹೇಳುತ್ತಾರೆ. ಊರು ಬಿಟ್ಟು ಅಡವಿಯಲ್ಲಿ ಗುಡಿಸಲು ಹಾಕಿದ ಕತೆ, ಒಂದು ಹೆಣ ಹೂಳಿ ಬರುವುದರೊಳಗೆ ಇನ್ನೊಂದು ಬಿದ್ದ ಕತೆ. ಸಿಡುಬಿಗೆ 'ಅವ್ವ ಬಂದಾಳ' ಅಂತ ಬೇವಿನ ತೊಪ್ಪಲು ಕಟ್ಟಿದ್ದು ಭಕ್ತಿಯಿಂದಷ್ಟೇ ಅಲ್ಲ, ಬೇರೆ ದಾರಿ ಇರಲಿಲ್ಲ. ದಾರಿ ಬಂದದ್ದು ದಾಕು ಹಾಕಿದ ಮೇಲೆ. ಬೆಳಗಾವಿಯಲ್ಲಿ ಇವತ್ತಿಗೂ ಒಂದು ಮೈದಾನಕ್ಕೆ ವ್ಯಾಕ್ಸಿನ್ ಡಿಪೋ ಎನ್ನುತ್ತಾರೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಯಾವ ಮಡಿಯಿಂದಲೂ ಆಗದ ಕೆಲಸ ಸೂಜಿಯಿಂದ ಆಯಿತು. ಒಂದೇ ಜಾತಿಗೆ ಲಸಿಕೆ ಹಾಕಿದ್ದರೆ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಕೇರಿಗೂ ಹಾಕಿದ್ದರಿಂದ ಅಗ್ರಹಾರವೂ ಉಳಿಯಿತು.

ಆದ್ದರಿಂದ ಶುಚಿ ಬೇರೆ, ಮಡಿ ಬೇರೆ. ಇವೆರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವವರನ್ನು ನಂಬಬಾರದು. ಶುಚಿ 'ನೀನು ಈಗ ಏನು ಮುಟ್ಟಿ ಬಂದಿ?' ಎಂದು ಕೇಳುತ್ತದೆ. ಮಡಿ 'ನೀನು ಯಾರ ಹೊಟ್ಟ್ಯಾಗ ಹುಟ್ಟಿ ಬಂದಿ?' ಎಂದು ಕೇಳುತ್ತದೆ. ಶುಚಿ ಎಲ್ಲರಿಗೂ ಒಂದೇ ನಿಯಮ ಹೇಳುತ್ತದೆ. ಡಾಕ್ಟರಾದರೂ ಕೈ ತೊಳೆಯಬೇಕು, ಸೂಲಗಿತ್ತಿಯಾದರೂ ಹೊಕ್ಕುಳ ಬಳ್ಳಿ ಕತ್ತರಿಸುವ ಬ್ಲೇಡು ಕುದಿಸಬೇಕು. ಕುದಿಸದ ಬ್ಲೇಡಿನಿಂದ ಧನುರ್ವಾಯು ಬಂದು ಕೂಸು ಸತ್ತಾವು. ಆ ಸಾವಿಗೆ ಅವಳ ಜಾತಿ ಕಾರಣವಲ್ಲ, ಬ್ಲೇಡು ಕಾರಣ. ಬ್ಲೇಡನ್ನು ಸರಿಪಡಿಸಬಹುದು. ಜಾತಿಯೇ ಕಾರಣ ಅಂದವರು ಅವಳನ್ನು ಹೊರಗಿಟ್ಟು ಬ್ಲೇಡನ್ನು ಮರೆತರು.

ಇನ್ನೊಂದು ಮಾತನ್ನೂ ಇಲ್ಲೇ ಆಡಬೇಕು. ಕೊಳೆಯುವುದನ್ನು ತಡೆಯುವ ವಿದ್ಯೆ ಈ ನಾಡಿನಲ್ಲಿ ಯಾರ ಕೈಯಲ್ಲಿತ್ತು? ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಎರಡು ದಿನಕ್ಕೆ ಕೊಳೆಯುತ್ತದೆ. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ತೆಗೆದು, ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿ, ಕೊಳೆಸುವ ಜೀವಿಗಳು ಮುಟ್ಟಲಾರದ ಗಟ್ಟಿ ಚರ್ಮ ಮಾಡಿದವರು ಸಮಗಾರರು, ಮಾದಿಗರು. ಅಥಣಿ, ನಿಪ್ಪಾಣಿಯ ಕಡೆ ತಯಾರಾಗುವ ಚಪ್ಪಲಿಗೆ ಇವತ್ತು ಸರಕಾರದ ಭೌಗೋಳಿಕ ಗುರುತಿನ ಮುದ್ರೆಯಿದೆ. ಕೊಳೆತದ್ದರ ಗುಣ ಬಲ್ಲವನನ್ನು ಕೊಳಕನೆಂದರು. ಅವನು ಹದ ಮಾಡಿದ ಚರ್ಮದ ಮದ್ದಳೆ ಗುಡಿಯೊಳಗೆ ಹೋಯಿತು, ಅವನು ಹೊರಗೆ ನಿಂತ.

ಮಲದ ಮಾತು ಇದಕ್ಕಿಂತ ಕಟುವಾದುದು. ಮನುಷ್ಯನ ಮಲದಿಂದ ನೀರು ತೆಗೆದರೆ ಉಳಿಯುವುದರಲ್ಲಿ ಕಾಲುಭಾಗದಿಂದ ಅರ್ಧದಷ್ಟು ಬ್ಯಾಕ್ಟೀರಿಯಾಗಳೇ. ಆ್ಯಂಟಿಬಯೋಟಿಕ್ ಔಷಧ ಹೆಚ್ಚಾಗಿ ಕರುಳಿನ ಒಳ್ಳೆಯ ಜೀವಿಗಳು ಸತ್ತಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಕೆಟ್ಟ ಜೀವಿ ಬೆಳೆದು ಜೀವ ತೆಗೆಯುವ ಭೇದಿ ಹತ್ತುತ್ತದೆ. ಅದಕ್ಕೆ ಮದ್ದೇನು? ಆರೋಗ್ಯವಂತನ ಮಲದ ಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವುದು. 2013ರಲ್ಲಿ ಪ್ರಕಟವಾದ ಹಾಲೆಂಡಿನ ಪ್ರಯೋಗದಲ್ಲಿ ಹೀಗೆ ಚಿಕಿತ್ಸೆ ಪಡೆದ 16 ಮಂದಿಯಲ್ಲಿ 15 ಮಂದಿ ಗುಣವಾದರು. 2022ರಲ್ಲಿ ಅಮೆರಿಕದ ಸರಕಾರ ಇಂಥ ಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಬಾಯಿಂದ ನುಂಗುವ ಗುಳಿಗೆಯೇ ಬಂತು. ಅಲ್ಲಿ ಅದಕ್ಕೆ ಬೆಲೆ, ಕೊಡುವವನಿಗೆ ದಾನಿಯ ಹೆಸರು. ಇಲ್ಲಿ? ಅದನ್ನೇ ತಲೆಯ ಮೇಲೆ ಹೊತ್ತವನಿಗೆ ಬಾವಿಯ ನೀರಿಲ್ಲ. 1970ರ ದಶಕದಲ್ಲಿ ಅರಸು ಸರಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ದೇಶದ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಗಟಾರದಲ್ಲಿ ಸತ್ತವನ ಮನೆಗೆ 30 ಲಕ್ಷ ರೂಪಾಯಿ ಕೊಡಿ ಎಂದಿತು. ಸಾವಿಗೆ ಬೆಲೆ ಏರಿತು, ಸಾವು ನಿಲ್ಲಲಿಲ್ಲ. ಹೊಲಸು ಎಲ್ಲರ ಹೊಟ್ಟೆಯಲ್ಲೂ ಹುಟ್ಟುತ್ತದೆ. ಅದರ ಹೆಸರು ಮಾತ್ರ ಒಂದೇ ಜಾತಿಗೆ ಹತ್ತುತ್ತದೆ.

ಈಗ ಇದಕ್ಕಿಂತ ಕಷ್ಟದ ಪ್ರಶ್ನೆಗೆ ಬರೋಣ. ರೋಗಕ್ಕೆ ಕಾರಣ ಹುಳವೇ? 1882ರಲ್ಲಿ ಜರ್ಮನಿಯ ರಾಬರ್ಟ್ ಕೋಕ್ ಕ್ಷಯದ ಹುಳವನ್ನು ಕಂಡುಹಿಡಿದ. ಅದಾಗಿ 140 ವರ್ಷ ದಾಟಿದರೂ ಟಿ.ಬಿ. ಕೇರಿ ಬಿಟ್ಟು ಹೋಗಿಲ್ಲ. ಜಗತ್ತಿನ ಜನರಲ್ಲಿ ಸುಮಾರು ಕಾಲುಭಾಗದವರಿಗೆ ಕ್ಷಯದ ಸೋಂಕು ತಗಲಿದೆ ಎಂದು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಜೀವನದುದ್ದಕ್ಕೂ ರೋಗಕ್ಕೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದವರ ಮೈ ಅದನ್ನು ಹಿಡಿದು ಮಲಗಿಸುತ್ತದೆ. ಹಾಗಾದರೆ ಯಾರ ಮೈಯಲ್ಲಿ ಅದು ಏಳುತ್ತದೆ? ನಮ್ಮ ದೇಶದಲ್ಲಿ ಅದಕ್ಕಿರುವ ದೊಡ್ಡ ಕಾರಣ ಹಸಿವು.

ಇದು ಘೋಷಣೆಯ ಮಾತಲ್ಲ. ನಮ್ಮದೇ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಇದನ್ನು ಪರೀಕ್ಷಿಸಿದರು. ಟಿ.ಬಿ. ರೋಗಿಗಳ ಮನೆಯ ಮಂದಿಗೆ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ವದ ಗುಳಿಗೆ ಕೊಟ್ಟರು. 2023ರಲ್ಲಿ ಫಲ ಪ್ರಕಟವಾಯಿತು. ಹೀಗೆ ಉಂಡ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಒಬ್ಬರಿಂದೊಬ್ಬರಿಗೆ ಹರಡುವ ಬಗೆಯ ಟಿ.ಬಿ. ನೂರಕ್ಕೆ 48ರಷ್ಟು ಇಳಿಯಿತು. ಅಕ್ಕಿ-ಬೇಳೆ ಲಸಿಕೆಯ ಕೆಲಸ ಮಾಡಿತು. ಸರಕಾರ 2018ರಿಂದ ಟಿ.ಬಿ. ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ಮಾಡಿತು. ಒಳ್ಳೆಯದೇ. ಆದರೆ ಹಣ ರೋಗ ಬಂದ ಮೇಲೆ, ಊಟ ಬೇಕಾದದ್ದು ರೋಗ ಬರುವ ಮುಂದೆ.

ಮಕ್ಕಳ ಹೊಟ್ಟೆಯೂ ಇದೇ ಸಾಕ್ಷಿ ಹೇಳುತ್ತದೆ. ಬಾಂಗ್ಲಾದೇಶದ ಢಾಕಾದ ಮೀರಪುರ ಕೊಳೆಗೇರಿಯಲ್ಲಿ, ತೂಕ ಕಡಿಮೆಯಿದ್ದ ಒಂದು ವರ್ಷ ದಾಟಿದ ಕೂಸುಗಳ ಕರುಳಿನ ಜೀವಿಗಳೂ ವಯಸ್ಸಿಗೆ ತಕ್ಕಂತೆ ಬೆಳೆದಿರಲಿಲ್ಲ. ಹೊರಗಿನಿಂದ ಕೂಸು ಸಣ್ಣದು, ಒಳಗಿನ ಊರೂ ಸಣ್ಣದು. ಅವಕ್ಕೆ ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿ ಸೇರಿಸಿ ಮಾಡಿದ ಆಹಾರ ಕೊಟ್ಟು ನೋಡಿದರು. ವಾಡಿಕೆಯ ಪೊಟ್ಟಣದ ಆಹಾರಕ್ಕಿಂತ ಇದರಲ್ಲಿ ಕ್ಯಾಲೊರಿ ಕಡಿಮೆ. ಆದರೂ ಕೂಸುಗಳ ತೂಕ ಹೆಚ್ಚು ಚೆನ್ನಾಗಿ ಏರಿತು, ಕರುಳಿನ ಜೀವಿಗಳೂ ಸುಧಾರಿಸಿದವು. 2021ರಲ್ಲಿ ಇದು ಪ್ರಕಟವಾಯಿತು. ಶೇಂಗಾ, ಕಡಲೆ ನಮ್ಮ ಹೊಲದಲ್ಲೂ ಬೆಳೆಯುತ್ತವೆ. ಬೆಳೆದವರ ಮನೆಯ ಕೂಸಿನ ಹೊಟ್ಟೆಗೆ ಅದು ಹೋಗುತ್ತದೆಯೇ ಎಂಬುದು ಪ್ರಶ್ನೆ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರ್ಗಿ ಕಡೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತರಲ್ಲ, ಅವರು ಮಕ್ಕಳ ಹೊಟ್ಟೆಯ ಪರವಾಗಿ ಮಾತಾಡಿದರೋ, ತಮ್ಮ ಮಡಿಯ ಪರವಾಗಿ ಮಾತಾಡಿದರೋ, ಓದುಗರೇ ತೀರ್ಮಾನಿಸಲಿ.

ಊಟದಷ್ಟೇ ದೊಡ್ಡದು ನೀರು. ಹೊಲಸು ನೀರು ಕುಡಿಯುತ್ತ, ಬಯಲಲ್ಲಿ ಆಡುತ್ತ ಬೆಳೆದ ಮಗುವಿಗೆ ಭೇದಿ ಆಗದಿದ್ದರೂ ಕರುಳಿನ ಗೋಡೆ ದಿನದಿನಕ್ಕೆ ಸವೆಯುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಣೆಕಟ್ಟಿದೆ. ಧೂಪದಾಳದಿಂದ ಹೊರಟ ಕಾಲುವೆಯಿಂದ ಈ ಸೀಮೆಯಲ್ಲಿ ಕಬ್ಬು ಹಸಿರಾಗಿ ನಿಂತಿದೆ. ಅದೇ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಹೊಲದ ಬದುವಿನಲ್ಲಿ ತಾಡಪಾಲ ಗುಡಿಸಲು ಹಾಕಿರುತ್ತಾರೆ. ಕುಡಿಯಲು ಕಾಲುವೆಯ ನೀರು, ಸಂಡಾಸಕ್ಕೆ ಕಬ್ಬಿನ ಮರೆ. ಅವರ ಕೂಸು ಬಡವಾದರೆ ಹುಳದ ಮೇಲೆ ತಪ್ಪು ಹೊರಿಸಿ ನಾವು ಮನೆಗೆ ಹೋಗಬಹುದೇ? 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕೆಟ್ಟ ನೀರು ಕುಡಿದು ಮಂದಿ ಸತ್ತರು. ಆ ನೀರಿನಲ್ಲಿ ಹುಳ ತಾನಾಗಿ ನಡೆದು ಬಂದು ಕೂತಿರಲಿಲ್ಲ. ಹುಳ ಬೀಜ ಇದ್ದಂತೆ. ನೆಲ ಹದ ಮಾಡಿಟ್ಟವರು ಯಾರು ಎಂದು ಕೇಳದ ವಿಜ್ಞಾನ ಅರ್ಧ ವಿಜ್ಞಾನ.

ಈಗ ಪೇಟೆ ಏನು ಹೇಳುತ್ತದೆ ನೋಡಿ. ಒಳ್ಳೆಯ ಬ್ಯಾಕ್ಟೀರಿಯಾದ ಬಾಟಲಿ ತಗೊಳ್ರಿ, ಪುಡಿ ತಗೊಳ್ರಿ, ನಿಮ್ಮ ಹೊಟ್ಟೆ ನೀವೇ ಸರಿಮಾಡಿಕೊಳ್ರಿ ಅನ್ನುತ್ತದೆ. ಅಂದರೆ ಆರೋಗ್ಯ ಕೆಟ್ಟರೆ ನಿನ್ನದೇ ತಪ್ಪು, ಬಾಟಲಿ ಕೊಳ್ಳಲಿಲ್ಲ. ಇದು ಹೊಸ ಕರ್ಮಸಿದ್ಧಾಂತ. ಹಳೆಯದು ಹಿಂದಿನ ಜನ್ಮಕ್ಕೆ ತಪ್ಪು ಹೊರಿಸಿತು, ಹೊಸದು ನಿನ್ನ ಜೇಬಿಗೆ ಹೊರಿಸುತ್ತದೆ. ಎರಡಕ್ಕೂ ಗಟಾರ, ನಳ, ಕೂಲಿ, ರೇಶನ್ನಿನ ಮಾತು ಬೇಡ.

ಔಷಧದ ವಿಷಯದಲ್ಲಿ ಮಾತ್ರ ನಮ್ಮ ಕೇರಿಗೂ ಒಂದು ಮಾತು ಹೇಳಬೇಕು. ಜ್ವರ ಬಂದರೆ ಸಾಕು, 'ಒಂದ ಸೂಜಿ ಮಾಡ್ರಿ ಸಾಹೇಬ್ರ, ಸಂಜಿಕ ಕೆಲಸಕ್ಕ ಹೋಗಬೇಕು' ಅನ್ನುವುದು, ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವುದು. ಹೀಗಾದಾಗ ಔಷಧಕ್ಕೆ ಬಗ್ಗದ ಜೀವಿಗಳು ಉಳಿದು ಬೆಳೆಯುತ್ತವೆ, ಒಬ್ಬರಿಂದೊಬ್ಬರಿಗೆ ದಾಟುತ್ತವೆ. ಔಷಧದ ಶಕ್ತಿ ಕಾಲುವೆಯ ನೀರಿನ ಹಾಗೆ. ಮೇಲಿನವರು ಬೇಕಾಬಿಟ್ಟಿ ಹರಿಸಿದರೆ ಕೊನೆಯ ಹೊಲಕ್ಕೆ ಹನಿಯೂ ಮುಟ್ಟುವುದಿಲ್ಲ. ಕೊನೆಯ ಹೊಲ ಯಾವಾಗಲೂ ಬಡವನದು. ಆದರೆ ದಿನಗೂಲಿಯವನಿಗೆ 'ಐದು ದಿನ ಮಲಗಿರು' ಅನ್ನುವ ಮೊದಲು ಆ ಐದು ದಿನದ ಕೂಲಿ ಯಾರು ಕೊಡುತ್ತಾರೆ ಎಂದೂ ಹೇಳಬೇಕು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಇದನ್ನು ನಾವೇ ಎತ್ತಬೇಕು, ವಿರೋಧಿಗಳಿಗೆ ಬಿಡಬಾರದು. 'ನೋಡಿ, ಎಲ್ಲರ ಹೊಟ್ಟೆಯಲ್ಲೂ ಹುಳ ಇವೆ, ಆದ್ದರಿಂದ ಎಲ್ಲರೂ ಸಮಾನರು' ಎಂದು ವಾದ ಮಾಡಿದರೆ ಸಾಕೇ? ಸಾಲದು. ಉಣ್ಣುವ ಊಟ, ಕುಡಿಯುವ ನೀರು, ಇರುವ ಜಾಗ ಬೇರೆಯಾದರೆ ಕರುಳಿನ ಜೀವಿಗಳೂ ಬೇರೆಯಾಗುತ್ತವೆ. ಬೇರೆ ಬೇರೆ ದೇಶದವರಲ್ಲಿ, ಹಳ್ಳಿ-ಪೇಟೆಯವರಲ್ಲಿ ಈ ಭೇದ ಕಂಡಿದೆ. ನಾಳೆ ಯಾವನೋ ಒಬ್ಬ ಬಂದು ಕೇರಿಯವರ ಹೊಟ್ಟೆಯ ಜೀವಿಗಳೇ ಬೇರೆ, ಅಗ್ರಹಾರದವರದೇ ಬೇರೆ ಎಂದು ಪಟ್ಟಿ ತೋರಿಸಿದರೆ? ಆಗ ನಮ್ಮ ಸಮಾನತೆ ಬಿದ್ದುಹೋಗುತ್ತದೆಯೇ?

ಬೀಳುವುದಿಲ್ಲ, ಬೀಳಬಾರದು. ಸಮಾನತೆಯನ್ನು ನಾವು ಮಸೂರದ ಕೆಳಗೆ ಹುಡುಕಿ ಪಡೆದದ್ದಲ್ಲ. ಸಂವಿಧಾನದ 17ನೆಯ ಕಲಮು ಅಸ್ಪೃಶ್ಯತೆಯನ್ನು ತೊಡೆದುಹಾಕಿದ್ದು ಪ್ರಯೋಗಶಾಲೆಯ ರಿಪೋರ್ಟು ನೋಡಿ ಅಲ್ಲ. ಮನುಷ್ಯ ಮನುಷ್ಯನನ್ನು ಹೀಗೆ ನಡೆಸಿಕೊಳ್ಳಬಾರದು ಎಂಬ ತೀರ್ಮಾನದಿಂದ. ವಿಜ್ಞಾನದ ಕೆಲಸ ಸುಳ್ಳು ಕಾರಣಗಳನ್ನು ಕಿತ್ತುಹಾಕುವುದು. 'ಹುಳಕ್ಕಾಗಿ ದೂರ ಇಟ್ಟೆವು' ಅನ್ನುವವನ ಕೈಯಿಂದ ಹುಳವನ್ನು ಕಸಿದುಕೊಳ್ಳುವುದು. ಆಮೇಲೆ ಅವನ ಕೈಯಲ್ಲಿ ಏನು ಉಳಿಯುತ್ತದೆ? ಬರೀ ಅಧಿಕಾರ ಉಳಿಯುತ್ತದೆ. ಅದನ್ನು ಎದುರಿಸುವ ಕೆಲಸ ಮಸೂರದ್ದಲ್ಲ, ನಮ್ಮದು. ಕೇರಿಯವರ ಹೊಟ್ಟೆಯಲ್ಲಿ ಭೇದ ಕಂಡರೆ ಅದು ಅವರ ಹುಟ್ಟಿನ ಸಾಕ್ಷಿಯಲ್ಲ. ಅವರಿಗೆ ಯಾವ ನೀರು, ಯಾವ ಕೂಳು ಕೊಟ್ಟಿರಿ ಎಂಬುದಕ್ಕೆ ಸಾಕ್ಷಿ. ಆ ಪಟ್ಟಿಯನ್ನು ಓದಬೇಕಾದದ್ದು ಆರೋಪಪಟ್ಟಿಯಂತೆ.

ಹಳ್ಳಿಯ ಮಾಸ್ತರರಿಗೆ, ಅಕ್ಕೋರಿಗೆ ನಮ್ಮದೊಂದು ವಿನಂತಿ. ವಿಜ್ಞಾನದ ಪಾಠದಲ್ಲಿ ಸೂಕ್ಷ್ಮಜೀವಿಗಳ ಅಧ್ಯಾಯ ಬರುತ್ತದೆ. ಮೊಸರು, ಇಡ್ಲಿ ಹಿಟ್ಟು, ಕಾಲರಾ ಹೇಳಿ ಮುಗಿಸಬೇಡಿರಿ. ಮೈಲಿಗೆಯ ನಾಲ್ಕು ಪರೀಕ್ಷೆಗಳನ್ನೂ ಮಕ್ಕಳ ಮುಂದಿಡಿರಿ, ಉತ್ತರ ಅವರೇ ಹೇಳಲಿ. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂತಿದ್ದಾರೆ, ಸಂಡಾಸ ತೊಳೆಯಲು ಯಾವ ಮಕ್ಕಳ ಹೆಸರು ಕರೆಯುತ್ತಾರೆ, ಕಣ್ಣಿಟ್ಟು ನೋಡಿರಿ. ಕಾರ್ಯಕರ್ತರು ಗ್ರಾಮಸಭೆಯಲ್ಲಿ ಕೇರಿಯ ನಳದ ನೀರಿನ ಪರೀಕ್ಷೆಯ ಕಾಗದ ಕೇಳಲಿ. ಊರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ ಕೇರಿಯ ಟ್ಯಾಂಕಿಗೂ ಬಿತ್ತೋ ಇಲ್ಲೋ ಕೇಳಲಿ. ಟಿ.ಬಿ. ರೋಗಿಯ ಖಾತೆಗೆ ಸಾವಿರ ರೂಪಾಯಿ ಬಂತೋ, ಅವನ ಮನೆಯವರ ತಾಟಿನಲ್ಲಿ ಬೇಳೆ ಇದೆಯೋ ನೋಡಲಿ. ಇವು ಸಣ್ಣ ಕೆಲಸ ಅನ್ನಿಸಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಈ ಮೈಯನ್ನು ನಡೆಸಿವೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಆ ನೀರು ಯಾವ ಓಣಿಯ ಹೆಸರನ್ನೂ ಕೇಳಲಿಲ್ಲ. ಗಟಾರ, ಗುಡಿ, ಕೇರಿ, ಪೇಟೆ ಎಲ್ಲ ಒಂದೇ ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಕೆಸರು ಬಳಿಯಲು ಯಾರನ್ನು ಕರೆದರು? ಮೈಲಿಗೆ ಎಲ್ಲಿರ್ತೈತಿ ಅನ್ನುವುದಕ್ಕೆ ಉತ್ತರ ಅಲ್ಲೈತಿ.